ಕಾಯಿ ತರಲು ಕಳಿಸಿದ ದಿನ

ರಾಮನಗರ, ಜೋಯಿಡಾ ತಾಲೂಕು
ಭಾನುವಾರ, 9 ಮಾರ್ಚ್ 2025

ಖತೀಜಾಬಿ ಅಕ್ಕನವರಿಗೆ,

ಶಾಲೆಯ ವಿದ್ಯಾವತಿ ಬಾಯಿ ಕೈಮುಗಿದು ಬರೆಯುವುದು.

ಮೊದಲ ಸಾಲಿಗೇ ನೀವು, ಓದಿ ಹೇಳುತ್ತಿರುವ ಮೊಮ್ಮಗಳು ಶಬಾನಾಳ ಕೈ ಹಿಡಿದು, “ಅಕ್ಕಾ ಅಂತ ಬರದಾರೇನ? ಇನ್ನೊಮ್ಮಿ ಸರಿಯಾಗಿ ನೋಡ” ಎಂದಿರುತ್ತೀರಿ. ಹೌದು, ಹಾಗೇ ಬರೆದಿದ್ದೇನೆ. ಹನ್ನೊಂದು ವರ್ಷ ನಿಮ್ಮನ್ನು “ಖತೀಜಾ, ಇಲ್ಲಿ ಬಾ” ಎಂದೇ ಕರೆದೆ. ನೀವು ನನಗಿಂತ ಏನಿಲ್ಲವೆಂದರೂ ಎಂಟು ವರ್ಷ ದೊಡ್ಡವರು. ಧಾರವಾಡದಲ್ಲಿರುವ ನನ್ನ ಸ್ವಂತ ಅಕ್ಕನಿಗೂ ನಿಮ್ಮದೇ ವಯಸ್ಸು. ಅವಳನ್ನು ಹಾಗೆ ಕರೆದಿದ್ದರೆ ನಮ್ಮವ್ವ ಕಪಾಳಕ್ಕೆ ಕೊಡುತ್ತಿದ್ದಳು. ನಿಮ್ಮ ವಿಷಯದಲ್ಲಿ ಮಾತ್ರ ಅದು ನನಗೆ ತಪ್ಪೆನಿಸಲೇ ಇಲ್ಲ.

ಶಬಾನಾ, ನಡುವೆ ನಿನಗೊಂದು ಮಾತು. ಏಳನೇ ಇಯತ್ತೆಯಲ್ಲಿದ್ದಾಗ ನೀನು ಪಾಠ ಓದುತ್ತ ಕಷ್ಟದ ಸಾಲು ಬಂದರೆ ಸದ್ದಿಲ್ಲದೆ ಹಾರಿಸಿ ಮುಂದಿನ ಸಾಲಿಗೆ ಹೋಗುತ್ತಿದ್ದೆ. ನನಗೆ ಗೊತ್ತಿಲ್ಲ ಎಂದು ನೀನು ಅಂದುಕೊಂಡಿದ್ದೆ. ಈ ಪತ್ರದಲ್ಲಿ ಹಾಗೆ ಮಾಡಬೇಡ. ನಿಮ್ಮ ಅಜ್ಜಿಗೆ ಅಕ್ಷರ ಬಾರದು, ಆದರೆ ಎಲ್ಲಿ ಸಾಲು ಹಾರಿತು ಅನ್ನುವುದು ನನಗಿಂತ ಮೊದಲು ಅವರಿಗೆ ತಿಳಿಯುತ್ತದೆ. ನಿಧಾನವಾಗಿ, ಒಂದೂ ಬಿಡದೆ ಓದು.

ಅಕ್ಕ, ಸುತ್ತಿ ಬಳಸಿ ಹೇಳಿದರೆ ಮತ್ತೆ ತಪ್ಪಿಸಿಕೊಂಡುಬಿಡುತ್ತೇನೆ. ಹಾಗಾಗಿ ಮೊದಲೇ ಬರೆದುಬಿಡುತ್ತೇನೆ. ಜನವರಿ ಹದಿನೆಂಟರ ಶನಿವಾರ ಶಾಲೆಯ ಮುಂದೆ ಪುಟ್ಟ ರುಬಿನಾಳಿಗೆ ಕಾರು ಬಡಿಯಿತು. ಮಕ್ಕಳನ್ನು ದಾಟಿಸುವ ಜಾಗ ಬಿಟ್ಟು ನೀವು ಹೋಗಿದ್ದಿರಿ ಎಂದು ಆ ತಪ್ಪು ನಿಮ್ಮ ತಲೆಗೆ ಬಂತು. ಬಿಸಿಯೂಟದ ಕೆಲಸ ಹೋಯಿತು. ನಿಮ್ಮ ಸಿದ್ದಿ ವಾಡೆಯಲ್ಲಿ ನಿಮ್ಮ ಜನವೇ ನಿಮ್ಮನ್ನು ಮಾತನಾಡಿಸುವುದು ಬಿಟ್ಟರು. ಆ ತಪ್ಪು ನಿಮ್ಮದಲ್ಲ, ನನ್ನದು. ರಸ್ತೆಯ ಆಚೆಗೆ ನಿಮ್ಮನ್ನು ಕಳಿಸಿದವಳು ನಾನು. ಆಮೇಲೆ ನೆನಪಿಲ್ಲ ಎಂದವಳೂ ನಾನೇ.

ಇದನ್ನು ಬರೆಯಲು ಏಳು ವಾರ ಬೇಕಾಯಿತು. ಪೆನ್ನು ಹಿಡಿದು ಕೂತಾಗಲೆಲ್ಲ ಯಾವುದೋ ಹಾಜರಿ ಪುಸ್ತಕ, ಯಾವುದೋ ಪರೀಕ್ಷೆಯ ಕಾಗದ ಎದುರು ಬರುತ್ತಿತ್ತು. ಬರಲಿ ಎಂದು ನಾನೇ ಕಾಯುತ್ತಿದ್ದೆ.

ನೀವು ನಗುತ್ತೀರೋ ಏನೋ, ನನಗೆ ಈಗ ಪದೇ ಪದೇ ನೆನಪಾಗುವುದು ಟೆಂಪೋದ ಹಿಂದೆ ನನ್ನನ್ನು ಕೂರಿಸಿದ ಆ ದಿನ. ಎರಡು ವರ್ಷದ ಹಿಂದೆ, ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಗೆ ರಸ್ತೆ ದಾಟುವ ಬಗ್ಗೆ ಭಾಷಣ ಬಿಗಿಯುತ್ತಿದ್ದೆ. ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮತ್ತೆ ಎಡಕ್ಕೆ ನೋಡಿ. ಹಿಂದಿನ ವಾರವಷ್ಟೇ ಒಂದು ಮಗು ಬೈಕಿಗೆ ಸಿಕ್ಕು ಮೊಣಕೈ ತರಚಿಸಿಕೊಂಡಿತ್ತು. ನೀವು ಅಡುಗೆಕೋಣೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತವರು, ತಲೆ ಎತ್ತದೆ ಹೇಳಿದಿರಿ, “ಮಕ್ಕಳದೇನೂ ತಪ್ಪಿಲ್ರಿ ಬಾಯಾರ. ಟೆಂಪೋದ ಹಿಂದ ನಿಂತ ಕೂಸಿಗೆ ಎಡಾನೂ ಕಾಣಂಗಿಲ್ಲ, ಬಲಾನೂ ಕಾಣಂಗಿಲ್ಲ. ಗೇಟ ತಪ್ಪ ಜಾಗಾದಾಗ ಐತಿ.” ನಿನ್ನ ಕೆಲಸ ನೀನು ನೋಡು ಎಂದೆ. ನೀವು ಸುಮ್ಮನಾಗಲಿಲ್ಲ. ಅಂದು ಸಂಜೆ ಶಾಲೆ ಬಿಡುವಾಗ ನನ್ನನ್ನು ಗೇಟಿನ ಹೊರಗೆ ಕರೆದೊಯ್ದು, ನಿಂತ ಟೆಂಪೋದ ಹಿಂದೆ ಕುಕ್ಕರಗಾಲಲ್ಲಿ ಕೂರಿಸಿದಿರಿ. ಇಸ್ತ್ರಿ ಮಾಡಿದ ಸೀರೆ ಉಟ್ಟ ಮುಖ್ಯ ಶಿಕ್ಷಕಿ ರಸ್ತೆಬದಿಯಲ್ಲಿ ಹಾಗೆ ಕೂತದ್ದನ್ನು ನೋಡಿ ವಡಾಪಾವ್ ಗಾಡಿಯವನು ಎಣ್ಣೆ ಕಾಯಿಸುವುದನ್ನೇ ಮರೆತ. ನನಗೆ ಕಂಡದ್ದು ಟೆಂಪೋದ ಚಕ್ರ, ಒಂದು ಬೈಕಿನ ಬಂಪರು, ಆಮೇಲೆ ಏನೂ ಇಲ್ಲ. ಬೆಳಗಾವಿ ಕಡೆಯಿಂದ ಲಾರಿ ಬಂದದ್ದು ಅದರ ಗಾಳಿ ಮುಖಕ್ಕೆ ಹೊಡೆದ ಮೇಲೆಯೇ ಗೊತ್ತಾಯಿತು.

ಅದರ ಮುಂದಿನದೆಲ್ಲ ನಿಮ್ಮದೇ ತಲೆ. ಅಡುಗೆಕೋಣೆಯ ಹಿಂದಿನ ಮುಚ್ಚಿದ ಗೇಟು ತೆರೆಯಬೇಕು, ಟೆಂಪೋ, ಬೈಕು ಎಲ್ಲವೂ ಅಲ್ಲಿಂದ ಮೈದಾನಕ್ಕೆ ಬಂದು ಮಕ್ಕಳನ್ನು ಹತ್ತಿಸಿಕೊಂಡು ಪಂಚಾಯತಿ ಓಣಿಯಿಂದ ಹೊರಬೀಳಬೇಕು, ಬಂದ ದಾರಿಯಲ್ಲಿ ತಿರುಗಿ ಹೋಗಬಾರದು. ವಡಾಪಾವ್ ಗಾಡಿ ಗೋಡೆಯ ಆ ತುದಿಗೆ ಹೋಗಬೇಕು. ನಡೆದು ಹೋಗುವ ಮಕ್ಕಳಲ್ಲಿ ಸಣ್ಣವರು ಮೊದಲು, ಒಬ್ಬರ ಹೆಗಲಿಗೆ ಒಬ್ಬರು ಕೈಯಿಟ್ಟು ರೈಲುಗಾಡಿಯಾಗಿ ದಾಟಬೇಕು. ದೊಡ್ಡವರು ಅವರ ಹಿಂದೆ. ಅವರಿಗಾಗಿ ನಡುರಸ್ತೆಯಲ್ಲಿ ನಿಲ್ಲುವವರು ನೀವು. ಕೌದಿ ಹೊಲಿದು ಉಳಿದ ಕೆಂಪು ಬಟ್ಟೆಯನ್ನು ಬಿದಿರಿನ ಕೋಲಿಗೆ ಕಟ್ಟಿ, ಕೌದಿಯ ಮೂಲೆಗೆ ಹೊಲಿಯುವ ಹಾಗೆ ಅದರ ಮೂಲೆಗೂ ಹೂವು ಹೊಲಿದಿದ್ದಿರಿ. ನಿಮ್ಮ ಭಾಷೆಯಲ್ಲಿ “ರಾವಾ” ಎಂದರೆ ಮಕ್ಕಳು ನಿಲ್ಲುತ್ತಿದ್ದರು, “ಚಲಾ” ಎಂದರೆ ನಡೆಯುತ್ತಿದ್ದರು. ನಾನು ಹತ್ತು ಸಲ ಕನ್ನಡದಲ್ಲಿ ಕೂಗಿದರೂ ಕೇಳದ ಪೋರರು.

ಇದನ್ನೆಲ್ಲ ನಾನು ನಾಲ್ಕು ಪುಟ ಮಾಡಿ, ನಕಾಶೆ ಬಿಡಿಸಿ, ಪಂಚಾಯತಿಗೂ ಜೋಯಿಡಾದ ಶಿಕ್ಷಣ ಕಚೇರಿಗೂ ಕೊಟ್ಟೆ. ಮೇಲೆ ‘ಮುಖ್ಯ ಶಿಕ್ಷಕಿಯ ಯೋಜನೆ’ ಎಂದು ಬರೆದೆ. ನಿಮ್ಮ ಹೆಸರು ಎಲ್ಲೂ ಇಲ್ಲ. ಕೊನೆಯ ಪುಟದಲ್ಲಿ ‘ಅಡುಗೆ ಸಿಬ್ಬಂದಿಯ ಸಹಕಾರದಿಂದ’ ಎಂದು ಒಂದು ಸಾಲು ಇದೆ, ಅದು ನೀವು. ರಸ್ತೆಗೆ ಬಿಳಿ ಪಟ್ಟಿ ಬಂತು, ಎರಡು ಫಲಕ ಬಂದವು, ಉದ್ಘಾಟನೆಗೆ ಸಾಹೇಬರು ಬರುತ್ತೇವೆಂದರು. ಫೋಟೋ ಪತ್ರಿಕೆಗೆ ಹೋಗುತ್ತದೆ ಎಂದರು. ನಿವೃತ್ತಿಗೆ ಮೂರು ವರ್ಷ ಉಳಿದವಳಿಗೆ ಅದು ಎಷ್ಟು ದೊಡ್ಡದಾಗಿ ಕಂಡಿತು ಎಂದರೆ, ಎರಡು ದಿನ ಮೊದಲೇ ಸೀರೆ ಆರಿಸಿ ಇಟ್ಟಿದ್ದೆ.

ಅಂದು ಮಾಡಿದ ಮೊದಲ ತಪ್ಪು ಕೇಳಿ. ಮೈದಾನದಲ್ಲಿ ಪೆಂಡಾಲು ಹಾಕಿಸಿದೆ. ಸಾಹೇಬರ ಜೀಪುಗಳು ಹಿಂದಿನ ಗೇಟಿನಲ್ಲಿ ನಿಂತವು. ಟೆಂಪೋದವರು ಎಲ್ಲಿ ಹೋಗಬೇಕು? ಹಳೆಯ ಜಾಗಕ್ಕೇ, ರಸ್ತೆಗೇ ಬಂದು ಸಾಲಾಗಿ ನಿಂತರು. ಮಕ್ಕಳ ಜೀವಕ್ಕಾಗಿ ಮಾಡಿದ ವ್ಯವಸ್ಥೆಯ ಉದ್ಘಾಟನೆಗೆ ಆ ವ್ಯವಸ್ಥೆಯನ್ನೇ ಮಡಚಿ ಬದಿಗಿಟ್ಟೆ. ನೀವು ಬೆಳಿಗ್ಗೆಯೇ ಬಂದು ಹೇಳಿದಿರಿ, “ಬಾಯಾರ, ಶನಿವಾರ ಐತ್ರಿ. ಗೋವಾಕ್ಕ ಹೋಗೋ ಕಾರು ಭಾಳ. ಟೆಂಪೋ ಅಲ್ಲಿ ನಿಂದರ್ಸಬ್ಯಾಡ್ರಿ.” ಒಂದು ದಿನಕ್ಕೆ ಏನೂ ಆಗುವುದಿಲ್ಲ ಎಂದೆ.

ಎರಡನೆಯ ತಪ್ಪು, ನಿಮ್ಮನ್ನು ಕಳಿಸಿದ್ದು. ರಿಬ್ಬನ್ ಕತ್ತರಿಸುವ ಮೊದಲು ಒಡೆಯಲು ಕಾಯಿ ಬೇಕಿತ್ತು, ಗಡಿಬಿಡಿಯಲ್ಲಿ ತರಿಸುವುದು ಮರೆತಿತ್ತು. ನಿಮ್ಮನ್ನು ಕರೆದು ರಸ್ತೆಯಾಚೆಯ ಅಂಗಡಿಯಿಂದ ಒಂದು ಕಾಯಿ ತಾ ಎಂದೆ. “ಘಂಟಿ ಹೊಡಿಯೋ ಹೊತ್ತಾತು, ಬ್ಯಾರೆ ಯಾರನ್ನರ ಕಳಸ್ರಿ” ಎಂದಿರಿ. ನಾನು ಗದರಿದೆ. ನಿಮ್ಮ ಕೋಲನ್ನು ಅಡುಗೆಕೋಣೆಯ ಬಾಗಿಲಿಗೆ ಒರಗಿಸಿ ಹೋದಿರಿ. ನಿಮ್ಮ ಜಾಗದಲ್ಲಿ ಹೈಸ್ಕೂಲಿನ ಇಬ್ಬರು ಹುಡುಗಿಯರು, ಸ್ಕೌಟ್ ಬಟ್ಟೆ ತೊಟ್ಟು, ಹೊಸ ಫಲಕ ಹಿಡಿದು ನಿಂತಿದ್ದರು. ಪಾಪ, ಅವರದೇನೂ ತಪ್ಪಿಲ್ಲ. ಫೋಟೋದವನು ಈ ಕಡೆ ನೋಡಿ ಎಂದ, ಅವರು ಅವನ ಕಡೆ ನೋಡಿದರು.

ಘಂಟೆ ಹೊಡೆಯಿತು. ರುಬಿನಾ ಟೆಂಪೋದ ಹಿಂದಿನಿಂದ ಬಂದಳು. ಆ ಕಡೆ ಕಾಯಿ ಹಿಡಿದು ನಿಂತ ನೀವು ಅವಳಿಗೆ ಕಂಡಿರಿ. ನಿಮ್ಮನ್ನು ಕಂಡ ಮೇಲೆ ಆ ಮೂರನೇ ಇಯತ್ತೆಯ ಕೂಸಿಗೆ ರಸ್ತೆ ಯಾಕೆ ಕಾಣಬೇಕು? ಓಡಿಬಿಟ್ಟಳು. ಕಾರಿನವನು ಬ್ರೇಕು ಒತ್ತಿದ, ಆದರೂ ಬಡಿಯಿತು. ನೀವು ಕಾಯಿ ಬಿಸಾಕಿ ಓಡಿ ಬಂದು ಅವಳನ್ನು ಎತ್ತಿಕೊಂಡಿರಿ. ಆ ಕಾಯಿ ಬಿಳಿ ಪಟ್ಟಿಯ ಮೇಲೆ ಬಿದ್ದು ತಾನೇ ಒಡೆದಿತ್ತು. ಬೆಳಗಾವಿಯ ಆಸ್ಪತ್ರೆಗೆ ಹೋಗುವ ಇಡೀ ದಾರಿ ಮಗು ನಿಮ್ಮ ತೊಡೆಯ ಮೇಲಿತ್ತು. ತೊಡೆಯ ಎಲುಬು ಮುರಿದಿದೆ, ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದಾಗ ನೀವು ಅತ್ತಿರಿ. ನನಗೆ ಅಲ್ಲೇ, ಆ ಬೆಂಚಿನ ಮೇಲೆಯೇ, ಇದರ ವರದಿ ಹೇಗೆ ಬರೆಯಬೇಕು ಎಂಬ ಚಿಂತೆ ಶುರುವಾಗಿತ್ತು.

ಇನ್ನು ಶಾಲಾ ಸಮಿತಿ ವಿಚಾರಣೆ ನಡೆಸಿದ ದಿನ. ಐದನೇ ಇಯತ್ತೆಯ ಕೋಣೆಯಲ್ಲಿ ಕೂತಿದ್ದೆವು. ಸಮಿತಿಯ ಅಧ್ಯಕ್ಷ ಸಾತಪ್ಪನವರು ಕೇಳಿದರು, “ಖತೀಜಾ, ಗೇಟ ಬಿಟ್ಟು ಆ ಕಡೆ ಹೋಗಂತ ನಿನಗ ಯಾರ ಹೇಳಿದ್ರು?” ನೀವು ನನ್ನ ಮುಖ ನೋಡಿದಿರಿ. “ಬಾಯಾರನ್ನ ಕೇಳ್ರಿ” ಎಂದಿರಿ. ನನ್ನ ಮುಂದೆ ಒಂದು ರಜಿಸ್ಟರು ಇತ್ತು, ಅದರ ಹಾಳೆ ತಿರುವಿದೆ. “ಆ ಗದ್ದಲದಾಗ ನನಗ ನೆನಪಿಲ್ಲ” ಎಂದೆ. ಯಾರೋ, ಈಕೆಯೇ ಆ ಕಡೆಯಿಂದ ಮಗುವನ್ನು ಕೈಮಾಡಿ ಕರೆದಳಂತೆ ಎಂದರು. ಅದಕ್ಕೂ ನಾನು ಬಾಯಿ ಬಿಡಲಿಲ್ಲ. ನೀವು ಸೆರಗಿನ ತುದಿಯ ಗಂಟು ಬಿಚ್ಚಿ, ಅಡುಗೆಕೋಣೆಯ ಕೀಲಿ ತೆಗೆದು ಮೇಜಿನ ಮೇಲಿಟ್ಟು ಹೋದಿರಿ. ಆ ಗಂಟು ಬಿಚ್ಚಲು ನಿಮಗೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಹೊತ್ತಿನಲ್ಲಿ ನಾನು ಹೇಳಬಹುದಿತ್ತು.

ನೀವೇ ಹೇಳಬಹುದಿತ್ತಲ್ಲ ಎಂದು ಮೊದಮೊದಲು ನಿಮ್ಮ ಮೇಲೆಯೇ ಸಿಟ್ಟು ಬರುತ್ತಿತ್ತು. ನಾಚಿಕೆಗೆಟ್ಟವರಿಗೆ ಸಿಟ್ಟು ಬೇಗ ಬರುತ್ತದೆ. ಈಗ ಗೊತ್ತಾಗಿದೆ. ಮುಖ್ಯ ಶಿಕ್ಷಕಿಯ ಮಾತಿನ ಮುಂದೆ ಅಡುಗೆಯ ಸಿದ್ದಿ ಹೆಂಗಸಿನ ಮಾತು ಆ ಕೋಣೆಯಲ್ಲಿ ನಿಲ್ಲುತ್ತಿರಲಿಲ್ಲ. ಅದು ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಧೈರ್ಯದ ಮೇಲೆಯೇ ನಾನು ನೆನಪಿಲ್ಲ ಎಂದದ್ದು. ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿ ನಿಜ ಹೇಳಿಸಿದವಳು ನಾನು.

ಮೊನ್ನೆ ಮಂಗಳವಾರ ರುಬಿನಾ ಶಾಲೆಗೆ ಬಂದಳು. ಊರುಗೋಲು ಹಿಡಿದಿದ್ದಾಳೆ, ನಡಿಗೆ ಇನ್ನೂ ಸರಿಯಾಗಿಲ್ಲ, ಆಗುತ್ತದಂತೆ. ಶಾಲೆ ಬಿಟ್ಟಾಗ ಎಲ್ಲ ಮಕ್ಕಳೂ ದಾಟಿದರು, ಇವಳು ಗೇಟಿನ ಕಂಬ ಹಿಡಿದು ನಿಂತುಬಿಟ್ಟಳು. ಅವರಮ್ಮ ಎಳೆದರೂ ಬರಲೊಲ್ಲಳು. “ಖತೀಜಾ ಅಜ್ಜಿ ಚಲಾ ಅನ್ನಲಿ, ಆಮ್ಯಾಲ ಬರ್ತೇನಿ” ಎಂದಳು. ಅವರಮ್ಮನಿಗೆ ಸಿಟ್ಟು ಬಂದು, ಅಕಿ ಕರದಿದ್ದಕ್ಕನ ನಿನ್ನ ಕಾಲು ಹೋಗಿದ್ದು ಎಂದಳು. ಆಗ ಮಗು ಹೇಳಿತು, “ಅಜ್ಜಿ ಕರೀಲಿಲ್ಲ ಅವ್ವಾ. ಅಕಿ ರಾವಾ ರಾವಾ ಅಂತ ಒದರಾಕತ್ತಿದ್ಲು. ನಾನ ಓಡಿದೆ.” ಅವರಮ್ಮ ನನ್ನ ಕಡೆ ನೋಡಿದಳು. ಅಂದಿನ ಗದ್ದಲದಲ್ಲಿ ನಾನು ನಿಮ್ಮ ಆ ಕೂಗು ಕೇಳಿದ್ದೆ, ಅಕ್ಕ. ಗೇಟಿನ ಬಳಿಯೇ ನಿಂತಿದ್ದೆ. ಎಂಟು ವರ್ಷದ ಮಗು ಕಾಲು ಮುರಿದುಕೊಂಡೂ ತನ್ನ ತಪ್ಪು ಒಪ್ಪಿತು.

ಅವಳನ್ನು ಅಂದು ನಾನೇ ದಾಟಿಸಿದೆ. ನಿಮ್ಮ ಕೋಲು ಆ ಬಾಗಿಲಿಗೇ ಒರಗಿತ್ತು, ಬಟ್ಟೆಯ ಮೇಲೆ ಮಸಿ ಕೂತಿತ್ತು. ತೊಳೆದು ಹಿಡಿದು ನಿಂತೆ. ಅಂದಿನಿಂದ ದಿನಾ ನಿಲ್ಲುತ್ತಿದ್ದೇನೆ. ನನಗೆ ಬರುವುದಿಲ್ಲ. ಬೈಕಿನವರು ನನ್ನ ಸೆರಗು ಸವರಿಕೊಂಡು ಹೋಗುತ್ತಾರೆ. ಬುಧವಾರ ಕಲ್ಲು ತುಂಬಿದ ಲಾರಿಗೆ ಕೋಲು ಎತ್ತಿದೆ, ಅವನು ಬ್ರೇಕು ಒತ್ತಿ ಅರ್ಧ ಅಡ್ಡ ತಿರುಗಿ ನಿಂತು, ಕಿಟಕಿಯಿಂದ ತಲೆ ಹಾಕಿ ಬೈದ. ಆಗ ನಿಮ್ಮ ಮಾತು ನೆನಪಾಯಿತು, “ಲೋಡ ಗಾಡಿ ಇಳಿಜಾರಿನ್ಯಾಗ ನಿಲ್ಲಂಗಿಲ್ರಿ, ಅದನ್ನ ಹೋಗಾಕ ಬಿಟ್ಟು ಹಿಂದಿಂದನ್ನ ಹಿಡೀಬೇಕು.” ನೀವು ಡ್ರೈವರನ ಮುಖ ನೋಡುತ್ತಿರಲಿಲ್ಲ, ಮುಂದಿನ ಚಕ್ರ ನೋಡುತ್ತಿದ್ದಿರಿ. ಚಕ್ರ ನಿಧಾನವಾಗದೆ ಒಂದು ಮಗುವನ್ನೂ ಬಿಡುತ್ತಿರಲಿಲ್ಲ. ನನ್ನ ನಾಲ್ಕು ಪುಟದ ಯೋಜನೆಯಲ್ಲಿ ಇದ್ಯಾವುದೂ ಇಲ್ಲ. ಹದಿನೈದು ನಿಮಿಷ ನಿಂತು ಬಂದರೆ ನಾನು ಕುರ್ಚಿ ಹುಡುಕುತ್ತೇನೆ. ನೀವು ನೂರಿಪ್ಪತ್ತು ಮಕ್ಕಳಿಗೆ ಅಡುಗೆ ಮಾಡಿ, ಪಾತ್ರೆ ತಿಕ್ಕಿ, ಆಮೇಲೆ ಬಂದು ನಿಲ್ಲುತ್ತಿದ್ದಿರಿ. ಅದಕ್ಕೆ ನಿಮಗೆ ಯಾರೂ ಏನೂ ಕೊಡುತ್ತಿರಲಿಲ್ಲ, ಕೊಡಬೇಕೆಂದು ನನಗೆ ಹೊಳೆದೂ ಇರಲಿಲ್ಲ.

ಬರುವ ಶನಿವಾರ, ಹದಿನೈದನೇ ತಾರೀಖು, ಶಾಲೆ ಬಿಟ್ಟ ಮೇಲೆ ಸಮಿತಿಯ ಸಭೆ ಇದೆ. ನಿಮ್ಮ ಜಾಗಕ್ಕೆ ಬೇರೆಯವರನ್ನು ಕಾಯಂ ಮಾಡುವ ಠರಾವು ಅಂದು ಆಗಬೇಕು. ಅದು ಆಗಿಬಿಟ್ಟರೆ ನೀವು ತಪ್ಪು ಮಾಡಿದಿರೆಂದೇ ಪುಸ್ತಕದಲ್ಲಿ ಉಳಿಯುತ್ತದೆ. ಅದಕ್ಕೆ ಮೊದಲು ನಾನು ಹೇಳಿಕೆ ಬರೆದಿದ್ದೇನೆ. ಕಳಿಸಿದ್ದು ನಾನು, ಕಾಯಿ ಮರೆತದ್ದು ನನ್ನಿಂದ, ಖತೀಜಾಬಿಯವರು ಹೋಗಲಾರೆ ಎಂದಿದ್ದರು, ಅವರು ಮಗುವನ್ನು ಕರೆದಿಲ್ಲ, ನಿಲ್ಲು ಎಂದು ಕೂಗಿದ್ದನ್ನು ನಾನೇ ಕೇಳಿದ್ದೇನೆ. ರಸ್ತೆಯ ವ್ಯವಸ್ಥೆಯ ಪೂರ್ತಿ ವಿಚಾರ ಅವರದು. ಅದರ ಒಂದು ಪ್ರತಿ ಈ ಪತ್ರದೊಳಗೆ ಇದೆ. ಇನ್ನೊಂದನ್ನು ಗುರುವಾರ ಜೋಯಿಡಾಗೆ ನಾನೇ ಹೋಗಿ ಕೊಡುತ್ತೇನೆ. ನನ್ನ ಮೇಲೆ ಏನು ಕ್ರಮವಾಗುತ್ತದೋ ಆಗಲಿ. ಹೆದರಿಕೆಯಿಲ್ಲ ಎಂದರೆ ಸುಳ್ಳು, ಹೆದರಿಕೆ ಇದೆ.

ರುಬಿನಾಳ ಅಮ್ಮನಿಗೆ ಶುಕ್ರವಾರವೇ ಹೇಳಿದೆ. ಅವಳು ಅಂಗಳದಲ್ಲಿ ನಿಂತು ಕೇಳಿದಳು, ಒಳಗೆ ಬಾ ಎನ್ನಲಿಲ್ಲ. ಸರಿಯೇ. ನಿಮ್ಮ ಮನೆಗೆ ಬರುತ್ತೇನೆ ಎಂದಳು. ಬಂದಿದ್ದಾಳೋ ಇಲ್ಲವೋ ತಿಳಿಯದು.

ಕ್ಷಮಿಸಿ ಎಂದು ಕೇಳಲು ಈ ಪತ್ರ ಬರೆದಿಲ್ಲ, ಕೇಳುವ ಮುಖವೂ ನನಗಿಲ್ಲ. ಶನಿವಾರ ಸಭೆಗೆ ಬನ್ನಿ, ಇಷ್ಟೇ ಕೇಳುವುದು. ನಾನು ನಿಮ್ಮೆದುರು ಹೇಳಬೇಕು. ಕೀಲಿಯನ್ನು ಯಾರಿಗೂ ಕೊಟ್ಟಿಲ್ಲ, ಮೇಜಿನ ಖಾನೆಯಲ್ಲಿ ಇದೆ. ಬೇಡವೆಂದರೆ ಅದೂ ನಿಮ್ಮ ಇಷ್ಟ, ಆದರೆ ಬೇಡ ಎನ್ನುವ ಹಕ್ಕು ನಿಮ್ಮದಾಗಿರಲಿ.

ಇದನ್ನು ಟೆಂಪೋದ ಅಂಕುಶನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನಿಗೆ ಚಹಾ ಕೊಡುವ ತಂಟೆಗೆ ಹೋಗಬೇಡಿ, ಕೂತರೆ ಏಳುವುದಿಲ್ಲ.

ನಿಮ್ಮ ಮುಂದೆ ತಲೆ ತಗ್ಗಿಸಿದ,
ವಿದ್ಯಾವತಿ

ತಾ.ಕ.: ಶಬಾನಾ, ಇದು ನಿನಗೆ. ಒಂದೂ ಬಿಡದೆ ಓದು ಎಂದು ಮೇಲೆ ಬರೆದಿದ್ದೇನೆ. ಇಲ್ಲಿಂದ ಮುಂದಿನದನ್ನು ಮಾತ್ರ ಜೋರಾಗಿ ಓದಬೇಡ.

ಲಕೋಟೆ ಅಂಟಿಸಲು ಕೂತು, ಅಂಟಿಸಲಾಗದೆ ಮತ್ತೆ ಬಿಚ್ಚಿದ್ದೇನೆ. ಕಾಯಿ ಮರೆತಿರಲಿಲ್ಲ. ನನ್ನ ಕೋಣೆಯ ಬುಟ್ಟಿಯಲ್ಲಿ ಹೂವಿನ ಜೊತೆ ಎರಡು ಕಾಯಿ ಇದ್ದವು, ಹಿಂದಿನ ದಿನವೇ ನಾನೇ ತಂದಿಟ್ಟದ್ದು. ಫೋಟೋದವನು ಬಂದಾಗ ನಿಮ್ಮ ಅಜ್ಜಿ ಮಸಿಯಾದ ಸೀರೆಯಲ್ಲಿ, ಆ ಕೋಲು ಹಿಡಿದು ಬಿಳಿ ಪಟ್ಟಿಯ ಸರಿ ನಡುವೆ ನಿಂತಿದ್ದರು. ಪತ್ರಿಕೆಯಲ್ಲಿ ಬರುವ ನನ್ನ ಶಾಲೆಯ ಫೋಟೋದಲ್ಲಿ ಅವರು ಕಾಣಬಾರದು ಅನ್ನಿಸಿತು. ಸೀರೆಯಿಂದ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಸೀರೆಯಿಂದ ಅಲ್ಲ. ಅವರು ಸಿದ್ದಿ ಎಂದು. ಹೊಸ ಸೀರೆ ಉಟ್ಟಿದ್ದರೂ ಕಳಿಸುತ್ತಿದ್ದೆ. ನೀನು ಏಳು ವರ್ಷ ನನ್ನೆದುರಿನ ಬೆಂಚಿನಲ್ಲಿ ಕೂತವಳು, ನಿನಗೆ ಇದನ್ನು ಬರೆಯುವಾಗ ಕೈ ಏಳುತ್ತಿಲ್ಲ.

ಒಳಗಿರುವ ಹೇಳಿಕೆಯಲ್ಲೂ ಕಾಯಿ ಮರೆತೆ ಎಂದೇ ಇದೆ. ಅದನ್ನು ಹರಿದು ಹಾಕು, ಬೇರೆ ಬರೆಯುತ್ತೇನೆ.

ಈ ಮಾತನ್ನು ಮೊಮ್ಮಗಳ ಬಾಯಿಂದ ಅಜ್ಜಿಗೆ ಹೇಳಿಸುವುದು ನಾನು ಅವರಿಗೆ ಮಾಡುವ ಮತ್ತೊಂದು ಅನ್ಯಾಯ. ಬುಧವಾರ ಸಂಜೆ, ಮಕ್ಕಳನ್ನು ದಾಟಿಸಿ, ನಡೆದೇ ನಿಮ್ಮ ವಾಡೆಗೆ ಬರುತ್ತೇನೆ. ಅವರೆದುರು ಕೂತು ನಾನೇ ಹೇಳುತ್ತೇನೆ. ಅಲ್ಲಿಯವರೆಗೆ, ಇಷ್ಟೇ ಬರದಾರೇನು ಎಂದು ಅವರು ಕೇಳಿಯೇ ಕೇಳುತ್ತಾರೆ. ಇಲ್ಲ, ಒಂದು ಸಾಲು ಬಾಯಾರು ಹಾರಿಸ್ಯಾರ ಎಂದು ಹೇಳು.